ನಾಲ್ಕು ಬೆರಳು ನೀರು

ಆ ಪೈಪಿನಿಂದ ನೀರು ತೆಗೆದವನು ನಾನು, ಗೌಸ್. ಅದು ಸೋರಿ ಹೋಗಲಿಲ್ಲ. ಬಿಸಿಲಿಗೆ ಆರಲಿಲ್ಲ. ನಿನ್ನ ಜಾಯಿಂಟು ಬಿಟ್ಟಿರಲಿಲ್ಲ. ನೀನು ಶುಕ್ರವಾರದ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ, ಲೀಲಮ್ಮ ಟೀಚರ ಮನೆಯ ತಾರಸಿಯ ಮೇಲೆ, ಕಾಫಿ ಕುಡಿದ ಲೋಟದಲ್ಲಿ ನಾನೇ ಮೊಗೆದು ತೆಗೆದೆ. ನಾಲ್ಕು ಲೋಟ. ನಾಲ್ಕು ಬೆರಳು ಇಳಿಯಿತು.

ಇಷ್ಟು ಹೇಳಲು ಎಂಟು ವರ್ಷ ಬೇಕಾಯಿತು. ಬರೆದು ನೋಡಿದರೆ ಅರ್ಧ ಪುಟವೂ ಇಲ್ಲ. ಇದನ್ನೇ ಬಾಯಿಬಿಟ್ಟು ಹೇಳಬೇಕೆಂದು ಈ ತಿಂಗಳಲ್ಲಿ ಎರಡು ಸಲ ನಿನ್ನ ಮನೆಗೆ ಬಂದೆ. ಎರಡು ಸಲವೂ ಚಹಾ ಕುಡಿದು ಎದ್ದು ಬಂದೆ — ಅದನ್ನು ಆಮೇಲೆ ಹೇಳುತ್ತೇನೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ನೀನೊಬ್ಬನೇ ಓದಿದರೆ ಸಾಲದು. ನಿನ್ನ ಹೆಂಡತಿ ನಸೀಮಾ ಓದಬೇಕು, ಮಗಳು ಓದಬೇಕು. ಗೌಸ್ ಕೈಯಲ್ಲಿ ಪೈಪಿನ ಕೆಲಸ ಮಾಡಿಸಬೇಡಿ ಎಂದು ಜನ ಆಡಿದ್ದನ್ನು ಕೇಳಿಸಿಕೊಂಡು ಸುಮ್ಮನಿದ್ದವರು ಅವರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆದದ್ದನ್ನು ಪುಟ ಪುಟವಾಗಿ ಟೀಚರಿಗೆ ತೋರಿಸಿದ್ದೇನೆ. ಒತ್ತಕ್ಷರ, ಪೂರ್ಣವಿರಾಮ ಅವರವು, ಮಾತು ನನ್ನವು. ಹೌದು, ಅವರಿಗೂ ಈಗ ಗೊತ್ತು.

ನಾವಿಬ್ಬರೂ ಹದಿನಾರು ವರ್ಷ ಜೊತೆಗೆ ಕೆಲಸ ಮಾಡಿದೆವು. ಗೋಡೆ ನನ್ನದು, ಗೋಡೆಯೊಳಗಿನ ನೀರು ನಿನ್ನದು. ಅಬ್ಬಿಗೆರೆಯ ಮುನಿರಾಜು ಮೇಸ್ತ್ರಿ ಅಂದರೆ ಜೊತೆಗೆ ಯಲಹಂಕದ ಗೌಸ್ ಬರುತ್ತಾನೆ ಎಂದೇ ಜನ ತಿಳಿದಿದ್ದರು. ಅಟ್ಟೂರಿನ ಸುತ್ತಮುತ್ತ ಲೇಔಟುಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ಕಾಲ. ಹತ್ತೂವರೆಗೆ ಚಹಾದ ಅಂಗಡಿಯಲ್ಲಿ ಕೂತು ನೀನು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದೆ — ಸರ್ಕಾರಿ ಕನ್ನಡ ಶಾಲೆಯಲ್ಲಿ ಎಸೆಸ್ಸೆಲ್ಸಿ ಪಾಸಾದವನು ನಮ್ಮ ಗುಂಪಿನಲ್ಲಿ ನೀನೊಬ್ಬನೇ. ಮಧ್ಯೆ ಮಧ್ಯೆ ನಿಲ್ಲಿಸಿ, 'ಅರ್ಥ ಆಯ್ತಾ ಅಣ್ಣ?' ಎನ್ನುತ್ತಿದ್ದೆ. ಆಗದಿದ್ದರೂ ಆಯಿತು ಅನ್ನುತ್ತಿದ್ದೆ ನಾನು. ಆ ಚಿಕ್ಕ ಸುಳ್ಳುಗಳಿಂದಲೇ ಶುರುವಾಯಿತೋ ಏನೋ — ಇರಲಿ, ಅದೂ ಒಂದು ನೆಪವಾಗುತ್ತದೆ.

ಲೀಲಮ್ಮ ಟೀಚರು ರಿಟೈರಾದ ವರ್ಷ ಅಟ್ಟೂರಿನಲ್ಲಿ ಮನೆ ಕಟ್ಟಿಸಿದರು. ದಕ್ಷಿಣಕ್ಕೆ ಖಾಲಿ ಸೈಟು. ಆಷಾಢ ಹುಟ್ಟುವ ಮೊದಲು ಗೃಹಪ್ರವೇಶ ಆಗಲೇಬೇಕು ಎಂದು ಮುಹೂರ್ತ ಇಡಿಸಿದ್ದರು. ಪಕ್ಕದ ಸೈಟಿನವರೂ ಅದೇ ಲೆಕ್ಕ ಹಾಕಿ, ಆಷಾಢಕ್ಕೆ ಮುಂಚೆ ಗುದ್ದಲಿ ಪೂಜೆ ಇಟ್ಟುಕೊಂಡರು. ಪೂಜೆಯ ಹಿಂದಿನ ದಿನ ಆ ಯಜಮಾನರು ಬಂದು, 'ಮೇಸ್ತ್ರಿ, ನಾಳೆ ಬೆಳಿಗ್ಗೆ ಪುರೋಹಿತ್ರು ಬರ್ತಾರೆ, ನಿಮ್ ಕಂಬಗಳೆಲ್ಲ ನಮ್ ಸೈಟಲ್ಲಿರಬಾರ್ದು' ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು.

ಕಂಬಗಳೆಂದರೆ ಸಾರುವೆ. ನಸೀಮಾ, ನಿನಗೆ ಗೊತ್ತಿರಲಿಕ್ಕಿಲ್ಲವಮ್ಮ — ಗೋಡೆಯ ಹೊರಮೈ ಸವರಲು ನಾವು ನಿಲ್ಲುವ ಅಟ್ಟಣೆ ಅದು. ಅಡ್ಡ ಮರಗಳ ಒಂದು ತುದಿಯನ್ನು ಗೋಡೆಯಲ್ಲಿ ತೂತು ಬಿಟ್ಟು ಒಳಗೆ ಕೂರಿಸಿರುತ್ತೇವೆ. ಕೆಲಸ ಮುಗಿದ ಮೇಲೆ ಮೇಲಿನಿಂದ ಒಂದೊಂದೇ ಮರ ಎಳೆಯುತ್ತ, ಆ ತೂತಿಗೆ ಇಟ್ಟಿಗೆ ಚೂರು ಬಡಿದು, ಗಾರೆ ತುಂಬಿ, ಮೇಲೆ ಸವರಿಕೊಂಡು ಕೆಳಗಿಳಿಯಬೇಕು. ಇಳಿದ ಮೇಲೆ ಮತ್ತೆ ಅಲ್ಲಿಗೆ ಕೈ ಎಟುಕುವುದಿಲ್ಲ. ಯಾವ ಮರದ ಮೇಲೆ ನಿಂತಿದ್ದೀಯೋ ಅದನ್ನೇ ತೆಗೆಯುವ ಕೆಲಸ. ಅದಕ್ಕೇ ಇದನ್ನು ಬೇರೆಯವರಿಗೆ ಬಿಡಬಾರದು, ಮೇಸ್ತ್ರಿಯೇ ಮಾಡಬೇಕು ಅಂತ ನಮ್ಮಪ್ಪ ಹೇಳುತ್ತಿದ್ದ. ಅವತ್ತೂ ನಾನೇ ಮಾಡಿದೆ.

ಆಳುಗಳೆಲ್ಲ ಅಲ್ಲಾಳಸಂದ್ರದಲ್ಲಿ ಇನ್ನೊಂದು ಮನೆಯ ತಾರಸಿ ಮೋಲ್ಡಿಗೆ, ಕಾಂಕ್ರೀಟು ಹಾಕಲು ಹೋಗಿದ್ದರು. ಬಾಂಡಲಿಯಲ್ಲಿ ಸ್ವಲ್ಪ ಗಾರೆ ಉಳಿದಿತ್ತು. ಇಟ್ಟಿಗೆ ಚೂರು ಒಂದೂ ಇರಲಿಲ್ಲ. ಕೆಳಗಿಳಿದು ಆರಿಸಿ ತರಬಹುದಿತ್ತು — ಬೀದಿಯ ತುದಿಯಲ್ಲಿ ರಾಶಿಯೇ ಬಿದ್ದಿತ್ತು. ಸೂರಿನ ಕೆಳಗಿನ ಸಾಲಿನಲ್ಲಿ ಮೂರು ತೂತು. ಬೆಳಿಗ್ಗೆಯಿಂದ ಹತ್ತಿ ಇಳಿದು ಮಂಡಿ ಸೋತಿತ್ತು. ಕೈಗೆ ಸಿಕ್ಕ ಖಾಲಿ ಸಿಮೆಂಟ್ ಚೀಲವನ್ನು ಹರಿದು ಮಡಿಸಿ ಮೂರು ತೂತಿಗೂ ತುರುಕಿದೆ, ಮೇಲೆ ಒಂದು ಬೆರಳು ದಪ್ಪ ಗಾರೆ ಸವರಿದೆ. ಪೂಜೆ ಮುಗಿಯಲಿ, ನಾಳೆಯೋ ನಾಡಿದ್ದೋ ಏಣಿ ಹಾಕಿ ಸರಿ ಮಾಡಿದರಾಯಿತು ಅಂದುಕೊಂಡೆ.

ಮಾಡಲಿಲ್ಲ. ಮಾರನೇ ದಿನ ಪೂಜೆ, ಅದರ ಮಾರನೇ ದಿನ ಪಾಯ ತೋಡಿದರು, ಹಳ್ಳದಲ್ಲಿ ಏಣಿ ನಿಲ್ಲುವಂತಿರಲಿಲ್ಲ. ಆಮೇಲೆ ಅವರ ಗೋಡೆ ಎದ್ದಿತು — ನಮ್ಮ ಗೋಡೆಗೂ ಅದಕ್ಕೂ ನಡುವೆ ಅಂಗೈ ಅಗಲದ ಸಂದು. ಅಷ್ಟೇ. ಮೂರು ತೂತೂ ಆ ಸಂದಿನಲ್ಲಿ ಮುಚ್ಚಿಹೋದವು. ಅಯ್ಯೋ ಅನಿಸಿತು ಅಂತ ಬರೆದರೆ ಸುಳ್ಳಾಗುತ್ತದೆ. ಸದ್ಯ, ಇನ್ನು ಯಾರಿಗೂ ಕಾಣುವುದಿಲ್ಲ ಅನಿಸಿತು.

ಎರಡನೇ ಮಳೆಗಾಲಕ್ಕೆ ಟೀಚರು ಫೋನ್ ಮಾಡಿದರು. ದಕ್ಷಿಣದ ಕೋಣೆಯಲ್ಲಿ ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಆ ಕೋಣೆಯ ಗೋಡೆ ಒದ್ದೆ. ತಾರಸಿಯ ಕೆಳಗಲ್ಲ, ನಡುಮಟ್ಟದಲ್ಲಿ. ನಿನಗೂ ನನಗೂ ಗೊತ್ತು — ನೀರು ಹೊಕ್ಕ ಜಾಗದಲ್ಲೇ ಕಾಣಿಸಿಕೊಳ್ಳುವುದಿಲ್ಲ, ಒಳಗೊಳಗೇ ಹರಿದು ದಾರಿ ಸಿಕ್ಕಲ್ಲಿ ಮುಖ ತೋರಿಸುತ್ತದೆ. ಬಣ್ಣ ಉಬ್ಬಿತ್ತು, ಸುಣ್ಣ ಉದುರುತ್ತಿತ್ತು, ಗೋಡೆಗೆ ಅಂಟಿಸಿದ್ದ ಭೂಪಟದ ಅರ್ಧ ಬೂಸ್ಟು ಹಿಡಿದಿತ್ತು.  ಸಂದಿನಲ್ಲಿ ಸುರಿದ ಮಳೆ ಎಲ್ಲಿಂದ ಒಳಗೆ ಬರುತ್ತಿದೆ ಅಂತ ನನಗೆ ಆ ಕ್ಷಣವೇ ತಿಳಿಯಿತು. ತಿಳಿಯಲಿಲ್ಲ ಅಂತ ಎಂದೂ ಹೇಳಲಾರೆ.

ಆದರೆ ಅದೇ ಗೋಡೆಯೊಳಗೆ ನಿನ್ನ ಪೈಪೂ ಇತ್ತು. ತಾರಸಿಯ ಮಳೆನೀರು ನೆಲದಡಿಯ ನೀರಿನ ಸಂಪಿಗೆ ಇಳಿಯುವ ಪೈಪು. ಹೊರಗೆ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಟೀಚರೇ ಗೋಡೆಯೊಳಗೆ ಇಳಿಸಲು ಹೇಳಿದ್ದರು. ಅವರು ನನ್ನ ಮುಖ ನೋಡುತ್ತ ನಿಂತಿದ್ದರು. ನಾನು ಅಂದೆ: 'ಪೈಪಿನ ಜಾಯಿಂಟು ಇರ್ಬೇಕು ಕಣಮ್ಮ. ಗೋಡೇಲಿ ಏನೂ ಇಲ್ಲ, ಗೋಡೆ ನಾನೇ ಕಟ್ಟಿರೋದು.'

ನೀನು ಬಂದೆ. ಕೋಪ ಮಾಡಿಕೊಳ್ಳಲಿಲ್ಲ, ವಾದ ಮಾಡಲಿಲ್ಲ. 'ಟೆಸ್ಟ್ ಮಾಡಿ ತೋರಿಸ್ತೀನಿ ಟೀಚರಮ್ಮ' ಅಂದೆ. ಕೆಳಗೆ ಸಂಪಿನ ಹತ್ತಿರ ಪೈಪಿನ ಬಾಯಿಗೆ ಮುಚ್ಚಳ ಬಿಗಿದು, ಮೇಲೆ ತಾರಸಿಯ ಬಾಯಿಗೆ ಒಂದು ಮೊಳದ ಪೈಪಿನ ತುಂಡು ಕೂರಿಸಿ, ಅಂಚಿಗೆ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸಿದೆ. ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮೇಲೆ ಟೈಲಿನ ತುಂಡು ಮುಚ್ಚಿದೆ. ಅದು ಗುರುವಾರ ಬೆಳಿಗ್ಗೆ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಮೇಲೆ ಹೋಗಿ ನೋಡಿದೆವು. ನೀರು ಗೆರೆಯ ಮೇಲೇ ನಿಂತಿತ್ತು. 'ನೋಡಣ್ಣ, ಕೂದಲೆಳೆಯಷ್ಟೂ ಇಳಿದಿಲ್ಲ' ಅಂದೆ ನೀನು. ನಾನು ಬಗ್ಗಿ ನೋಡಿದೆ. ಚೆನ್ನಾಗಿ ನೋಡಿದೆ ಗೌಸ್. 'ಊ' ಅಂದೆ.

ಟೀಚರಿಗೆ ಆಗಲೇ ತೋರಿಸಿಬಿಡಬೇಕಿತ್ತು ನೀನು. ಅವರು ಬ್ಯಾಂಕಿಗೆ ಹೋಗಿದ್ದರು. ಮಧ್ಯಾಹ್ನ ಬಂದರು, ಇಬ್ಬರಿಗೂ ಕಾಫಿ ಕೊಟ್ಟರು. ನಿನಗೆ ನಮಾಜಿಗೆ ಹೊತ್ತಾಗಿತ್ತು. 'ಬಂದು ತೋರಿಸ್ತೀನಿ, ಅಲ್ಲೀವರ್ಗೂ ಅಣ್ಣ ಇರ್ತಾನೆ ನೋಡ್ಕೊಳ್ಳೋಕೆ' ಅಂದು, ಜೇಬಿನಿಂದ ಟೋಪಿ ತೆಗೆದು ಕೊಡವುತ್ತ ಹೋದೆ. ನೋಡಿಕೊಳ್ಳಲು ನನ್ನನ್ನು ಬಿಟ್ಟು ಹೋದೆ.

ನಾನು ಲೋಟ ಹಿಡಿದುಕೊಂಡೇ ಮೇಲೆ ಹತ್ತಿದೆ. ಮೊದಲೇ ನಿರ್ಧಾರ ಮಾಡಿದ್ದೆನೋ ಇಲ್ಲವೋ — ಎಷ್ಟು ಸಲ ಕೇಳಿಕೊಂಡರೂ ಉತ್ತರ ಒಂದೇ ಥರ ಬರುವುದಿಲ್ಲ. ಟೈಲ್ ಸರಿಸಿದೆ. ಲೋಟ ಪೈಪಿನ ಬಾಯಿಯಲ್ಲಿ ಸಲೀಸಾಗಿ ಇಳಿಯಿತು. ಮೊದಲ ಲೋಟವನ್ನು ನೆಲದ ಮೇಲೆ ಚೆಲ್ಲಿದರೆ ಒದ್ದೆ ಕಾಣುತ್ತದೆ ಎಂದು ಮೂಲೆಯಲ್ಲಿದ್ದ ದೊಡ್ಡಪತ್ರೆ ಕುಂಡಕ್ಕೆ ಹಾಕಿದೆ. ಅಷ್ಟು ಬುದ್ಧಿ ಓಡಿತು. ಉಳಿದ ಮೂರನ್ನೂ ಅಲ್ಲಿಗೇ ಹಾಕಿದೆ. ಟೈಲ್ ಮುಚ್ಚಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತು, ಒಂದು ಬೀಡಿ ಹಚ್ಚಿದೆ.

ಯಾಕೆ ಮಾಡಿದೆ ಅಂತ ಇಲ್ಲಿ ಒಂದು ಪುಟ ಬರೆದಿದ್ದೆ. ಅದೇ ಬೀದಿಯಲ್ಲಿ ಇನ್ನೂ ಮೂರು ಮನೆಯ ಮಾತುಕತೆ ನಡೆದಿತ್ತು, ಮೇಸ್ತ್ರಿಯ ಹೆಸರು ಕೆಟ್ಟರೆ ಮತ್ತೆ ಎದ್ದೇಳುವುದು ಕಷ್ಟ, ನನಗೂ ಸಂಸಾರ ಇತ್ತು — ಹೀಗೆಲ್ಲ. ಟೀಚರು ಕೆಂಪು ಪೆನ್ನಿನಲ್ಲಿ ಆ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, 'ಅವರಿಗೂ ಸಂಸಾರ ಇತ್ತಲ್ವಾ?' ಎಂದು ಪಕ್ಕದಲ್ಲಿ ಬರೆದು ಕೊಟ್ಟರು. ಸರಿ. ಆ ಪುಟ ಹರಿದು ಹಾಕಿದೆ.

ನೀನು ಬಂದು ಟೈಲ್ ತೆಗೆದದ್ದು ಈಗಲೂ ಕಣ್ಣ ಮುಂದಿದೆ. ಟೀಚರು ನಿನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದರು. ನೀನು ಒಂದು ಸಲ ನೋಡಿದೆ. ಬೆರಳು ಇಳಿಬಿಟ್ಟು ಅಳೆದೆ. ಮತ್ತೆ ಬಗ್ಗಿದೆ. ಓಡಿ ಕೆಳಗೆ ಹೋಗಿ ಮುಚ್ಚಳ ಮುಟ್ಟಿ ನೋಡಿ, ಮೇಲೆ ಬಂದೆ — ಅಲ್ಲಿ ಒಂದು ಹನಿಯೂ ಜಿನುಗಿರಲಿಲ್ಲ, ಜಿನುಗುವುದಕ್ಕೆ ಹೇಗೆ ಸಾಧ್ಯ. ನೀರು ಎಲ್ಲಿಗೋ ಹೋಗಿದೆ ಅಂದರೆ ಗೋಡೆಯೊಳಗೇ ಹೋಗಿರಬೇಕು. ನೀನು ನನ್ನ ಕಡೆ ತಿರುಗಿದೆ.

'ಬೆಳಿಗ್ಗೆ ಗೆರೆ ಮೇಲೇ ಇತ್ತಲ್ಲ ಅಣ್ಣ? ನೀನೂ ನೋಡ್ದೆ ಅಲ್ವಾ?'

ಆಗಲೂ ಹೇಳಬಹುದಿತ್ತು. ಹೌದು ಕಣೋ, ನೋಡಿದೆ, ಅಂದಿದ್ದರೆ ಸಾಕಿತ್ತು. ಲೋಟದ ಮಾತನ್ನು ಎತ್ತದೆಯೇ ನಿನ್ನನ್ನು ಉಳಿಸಬಹುದಿತ್ತು. ನಾನು ಬೀಡಿಯ ತುಂಡನ್ನು ಕಾಲಿನಿಂದ ಹೊಸಕುತ್ತ ಅಂದೆ: 'ನಾನ್ ಸರ್ಯಾಗಿ ನೋಡ್ಲಿಲ್ಲ ಕಣೋ.'

ನೀರು ತೆಗೆದದ್ದಕ್ಕಿಂತ ಈ ಮಾತು ದೊಡ್ಡ ತಪ್ಪು. ನೀರು ತೆಗೆದಾಗ ನೀನು ಎದುರಿಗೆ ಇರಲಿಲ್ಲ. ಈ ಮಾತನ್ನು ನಿನ್ನ ಮುಖಕ್ಕೆ ಹೇಳಿದೆ. ಅಲ್ಲಿಯವರೆಗೆ ನೀನು ಪೈಪನ್ನು ಮಾತ್ರ ಅನುಮಾನಿಸಿದ್ದೆ. ಆ ಮಾತು ಕೇಳಿದ ಮೇಲೆ ನಿನ್ನ ಕಣ್ಣನ್ನೇ ಅನುಮಾನಿಸಿಕೊಂಡೆ. 'ಹಂಗಾದ್ರೆ ನಾನೇ ತಪ್ಪು ನೋಡಿರ್ಬೇಕು' ಅಂದೆ. ಯಾರಿಗೆ ಅಂದೆಯೋ ಗೊತ್ತಿಲ್ಲ, ಕಣ್ಣು ಪೈಪಿನೊಳಗೇ ಇತ್ತು.

ಟೀಚರು ಬೈಯಲಿಲ್ಲ. 'ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಗೌಸ್' ಅಂದರು, ಕೆಳಗಿಳಿದು ಹೋದರು. ಆಗ ನಾನು ಅವರ ಹಿಂದೆ ಹೋಗಿ, ನಿನಗೆ ಕೇಳಿಸುವ ಹಾಗೆಯೇ, 'ಪಾಪ, ಬೇಕು ಅಂತ ಮಾಡಿಲ್ಲ ಬಿಡಿ ಟೀಚರೇ, ಒಳ್ಳೆ ಕೆಲಸಗಾರ' ಅಂದೆ. ನಾಚಿಕೆಗೆಟ್ಟವನು.

ನೀನು ಮೂರು ದಿನ ಗೋಡೆ ಅಗೆದೆ. ಪೈಪನ್ನು ಪೂರಾ ಹೊರಗೆ ತೆಗೆದು, ಪ್ರತಿ ಜಾಯಿಂಟನ್ನೂ ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಬಿರುಕು ಹುಡುಕುತ್ತಿದ್ದೆ. ಸಿಗಲಿಲ್ಲ. ಸಿಗದೇ ಇದ್ದುದರಿಂದ ನಿನಗೆ ಸಮಾಧಾನ ಆಗಲಿಲ್ಲ, ಇನ್ನೂ ದಿಗಿಲಾಯಿತು. ಒಂದು ಕಡೆ ಕೂತು, 'ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ ಅಣ್ಣ' ಅಂದೆ. ನಾನು ಪಕ್ಕದಲ್ಲೇ ಗಾರೆ ಕಲಸುತ್ತಿದ್ದೆ. ನೀನು ಹೊಸ ಪೈಪು ಹಾಕಿದೆ, ಕೂಲಿ ಬೇಡ ಅಂದೆ. ನಾನು ಗೋಡೆ ಮುಚ್ಚಿದೆ.

ಮುಂದಿನ ಮಳೆಗೆ ಅದೇ ಜಾಗ ಮತ್ತೆ ಒದ್ದೆಯಾಯಿತು.

ಆಮೇಲೆ ಏನಾಯಿತು ಅಂತ ನಿನಗೆ ಗೊತ್ತಿಲ್ಲ, ಯಾಕೆಂದರೆ ನಿನ್ನನ್ನು ಆ ಬೀದಿಗೆ ಯಾರೂ ಕರೆಯಲಿಲ್ಲ. ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ, ಮೇಸ್ತ್ರಿ ಪರವಾಗಿಲ್ಲ, ಪ್ಲಂಬರ್ ಬೇರೆ ನೋಡಿಕೊಳ್ಳಿ ಎಂದು ಹಾಕಿದರು. ಉಳಿದ ಮೂರು ಮನೆಗೆ ನಾನು ಬೇರೆ ಪ್ಲಂಬರನ್ನು ಕರೆದುಕೊಂಡು ಹೋದೆ. ಟೀಚರು ಇನ್ನೊಬ್ಬರನ್ನು ಕರೆಸಿ ಪೈಪನ್ನು ಗೋಡೆಯಿಂದಲೇ ತೆಗೆಸಿ, ಮುಂಭಾಗದಲ್ಲಿ ಹೊರಗಡೆ ಇಳಿಸಿದರು. ಅದಾದ ಮೇಲೂ ಗೋಡೆ ಒದ್ದೆಯಾಯಿತು. ಒಳಗೆ ಪೈಪೇ ಇಲ್ಲದ ಗೋಡೆ ಗೌಸ್. ಆಗಲಾದರೂ ಯಾರಾದರೂ, ಹಾಗಾದರೆ ಗೌಸ್ ತಪ್ಪಲ್ಲವಲ್ಲ, ಅನ್ನಬೇಕಿತ್ತು. ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದವನು ಒಬ್ಬನೇ ಇದ್ದ, ಅವನು ಬಾಯಿ ಬಿಡಲಿಲ್ಲ.

ಅಲ್ಲಿಂದ ಪ್ರತಿ ಬೇಸಿಗೆಗೆ ಒಂದು ರಿಪೇರಿ. ಒಂದು ವರ್ಷ ತಾರಸಿಗೆ ಬಿಳಿ ಬಣ್ಣದ ಲೇಪ ಹಚ್ಚಿದೆ. ಇನ್ನೊಂದು ವರ್ಷ ಪ್ಯಾರಾಪೆಟ್ಟಿನ ಬುಡ ಕೆತ್ತಿ ಮತ್ತೆ ಗಾರೆ ಹಾಕಿದೆ. ಸಂದಿನ ಮೇಲೆ ತಗಡು ಹೊದಿಸಿದೆ, ಗಾಳಿಗೆ ಹಾರಿ ಹೋಯಿತು. ಒಳಗಿನಿಂದ ಸೂರಿನ ಕೆಳಗೆ ಗೇಣಗಲ ಒಡೆದರೆ ಆ ಮೂರು ತೂತು ಸಿಗುತ್ತವೆ, ಅರ್ಧ ದಿನದ ಕೆಲಸ — ಪ್ರತಿ ಸಲವೂ ಗೊತ್ತಿತ್ತು. ಆದರೆ ಕೆಲಸ ನಡೆಯುವಾಗ ಟೀಚರು ಪಕ್ಕದಿಂದ ಕದಲುವವರಲ್ಲ. ಒಡೆದರೆ ಸಿಮೆಂಟ್ ಚೀಲ ಅವರ ಕಣ್ಣ ಮುಂದೆಯೇ ಹೊರಗೆ ಬರುತ್ತಿತ್ತು. ಹಾಗಾಗಿ ಎಲ್ಲೆಲ್ಲಿ ತಪ್ಪಿಲ್ಲವೋ ಅಲ್ಲೆಲ್ಲ ಹುಡುಕಿದೆ. ಮಕ್ಕಳು ನಡುಮನೆಯಲ್ಲಿ ಇಕ್ಕಟ್ಟಿನಲ್ಲಿ ಕೂತು ಪಾಠ ಹೇಳಿಸಿಕೊಂಡರು. ಸುಸ್ತಾಗಿ ಹೋಯಿತು. ಸುಳ್ಳನ್ನು ಕಾಯುವುದು ಇಷ್ಟು ಮೈಮುರಿ ಕೆಲಸ ಅಂತ ಯಾರೂ ಹೇಳಿರಲಿಲ್ಲ.

ನೀನು ಮೊದಮೊದಲು ಗೋಡೆಯೊಳಗಿನ ಕೆಲಸ ಒಪ್ಪುವುದನ್ನು ಬಿಟ್ಟೆ, ಹೊರಗೆ ಕಾಣುವ ಪೈಪು ಮಾತ್ರ ಮಾಡುತ್ತೇನೆ ಅಂದೆಯಂತೆ. ಆಮೇಲೆ ಒಂದೇ ಕೆಲಸವನ್ನು ಎರಡೆರಡು ಸಲ ಬಿಚ್ಚಿ ಹಾಕುತ್ತಿದ್ದೆಯಂತೆ. ಆಮೇಲೆ ಅದೂ ಬಿಟ್ಟೆ. ಯಶವಂತಪುರದಲ್ಲಿ ಟೈಲಿನ ಗೋಡೌನಿನ ಗೇಟಿನಲ್ಲಿ ಕೂತು ಲಾರಿ ನಂಬರ್ ಬರೆಯುತ್ತಿದ್ದೀಯೆಂದು ಕೇಳಿದಾಗ, ನೆರಳಿನ ಕೆಲಸ, ಒಳ್ಳೆಯದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಈ ವರ್ಷ ಪಕ್ಕದ ಮನೆಯನ್ನು ಮಾರಿದರು. ಕೊಂಡವರು ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಡಬೇಕೆಂದು ಹಳೆಯದನ್ನು ನೆಲಸಮ ಮಾಡಿದರು. ಹತ್ತಿರ ಹತ್ತು ವರ್ಷ ಮುಚ್ಚಿಹೋಗಿದ್ದ ನಮ್ಮ ಗೋಡೆ ಬೀದಿಗೆ ಬಂತು. ಟೀಚರು ಫೋನ್ ಮಾಡಿ, 'ಮುನಿರಾಜು, ಸೂರಿನ ಕೆಳಗೆ ಮೂರು ತೂತಿದೆ. ಅದರಿಂದ ಕೆಳಗೆ ಉದ್ದಕ್ಕೂ ಕರೀ ಕಲೆ. ಬಂದು ನೋಡಿ' ಅಂದರು. ನೋಡುವುದು ಏನಿತ್ತು.

ಸೈಟಿನ ಕಂಟ್ರಾಕ್ಟರನ್ನು ಕೇಳಿದೆ. ಅವರು ಪಿಲ್ಲರ್ ಎಬ್ಬಿಸುವ ಮೊದಲು ಒಂದು ತಿಂಗಳು ಬಿಟ್ಟುಕೊಟ್ಟರು. ಮತ್ತೆ ಅದೇ ಜಾಗದಲ್ಲಿ ಸಾರುವೆ ಕಟ್ಟಿದೆ. ಮಂಡಿ ಈಗ ಹತ್ತಲು ಬಿಡುವುದಿಲ್ಲ, ಆದರೂ ನಾನೇ ಹತ್ತಿದೆ. ಗಾರೆಯ ಪದರ ಯಾವಾಗಲೋ ಕಳಚಿ ಬಿದ್ದಿತ್ತು. ಮೊದಲ ತೂತಿಗೆ ಕೈ ಹಾಕಿದೆ. ಚೀಲ ಪ್ಲಾಸ್ಟಿಕ್ಕಿನದಲ್ಲವೇ, ಕೊಳೆತಿರಲಿಲ್ಲ. ನಾನು ಹೇಗೆ ಮಡಿಸಿದ್ದೆನೋ ಹಾಗೇ ಇತ್ತು. ಎಳೆದಾಗ ಒಳಗಿನಿಂದ ಕೆಸರು ನೀರು ಮೊಣಕೈವರೆಗೆ ಇಳಿಯಿತು.

ಕೆಳಗೆ ನಿಂತಿದ್ದ ಟೀಚರು, 'ಏನ್ ಸಿಕ್ತು?' ಅಂದರು.

ಹಕ್ಕಿ ಗೂಡು ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು, ನಿಜ ಹೇಳುತ್ತೇನೆ. ಆದರೆ ಇನ್ನು ಆಗಲಿಲ್ಲ. ಇಳಿದು ಬಂದು ಚೀಲದ ತುಂಡನ್ನು ಅವರ ಕೈಗೆ ಕೊಟ್ಟೆ. ಮರಳ ರಾಶಿಯ ಮೇಲೆ ಕೂತು ಎಲ್ಲ ಹೇಳಿದೆ — ಚೀಲ, ಪೈಪು, ಕಾಫಿ ಲೋಟ, ದೊಡ್ಡಪತ್ರೆ ಕುಂಡ, ಎಲ್ಲ. ಅವರು ಚೀಲದ ಮಡಿಕೆ ಬಿಚ್ಚಿ ನೋಡಿದರು. ನನ್ನನ್ನು ಬೈಯುತ್ತಾರೆ, ಬೈಯಲಿ ಅಂತ ಕಾದೆ.

'ಆ ಮೂರು ದಿನ ಗೌಸ್ ಗೋಡೆ ಅಗೆದ್ರಲ್ಲ' ಅಂದರು ಕೊನೆಗೆ. 'ನಿಮಗೆ ಕಾಫಿ ಕೊಟ್ಟೆ. ಅವರಿಗೆ ಕೊಡ್ಲಿಲ್ಲ. ಸಿಟ್ಟಿತ್ತು ನಂಗೆ.' ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. 'ನಂಗ್ ಹೇಳಿ ಏನ್ ಬಂತು ಮುನಿರಾಜು? ಅವರಿಗೆ ಹೇಳ್ಬೇಕು ನೀವು.'

ಅದಕ್ಕೇ ಆ ಭಾನುವಾರ ನಿನ್ನ ಮನೆಗೆ ಬಂದದ್ದು. ಎಷ್ಟು ವರ್ಷದ ಮೇಲೆ ಬಂದೆಯಲ್ಲ ಅಣ್ಣ ಎಂದು ನೀನು ಚಾಪೆಯನ್ನು ಕೊಡವಿ ಹಾಸಿದೆ. ನಸೀಮಾ ಚಹಾ ತಂದಳು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಿಗೆ ಯಾರೋ ಬಂದರು, ಕೈಯಲ್ಲಿ ಸ್ಪ್ಯಾನರು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತಂತೆ. ನಿನ್ನ ಮನೆಯ ನಲ್ಲಿಗೆ ವಾಷರ್ ಹಾಕಲು ನೀನು ಬೇರೆ ಪ್ಲಂಬರನ್ನು ಕರೆಸಿದ್ದೆ, ಗೌಸ್.

ನಾನು ನೋಡುತ್ತಿದ್ದುದನ್ನು ಕಂಡು ನೀನು ನಕ್ಕೆ. 'ಈ ಕೈ ಮೇಲೆ ಭರೋಸಾ ಇಲ್ಲ ಅಣ್ಣ' ಅಂದೆ. ನಸೀಮಾ ಒಳಗೆ ಹೋದ ಮೇಲೆ ದನಿ ತಗ್ಗಿಸಿ, 'ಆವತ್ತು ಟೀಚರಮ್ಮನ ಮುಂದೆ ನನ್ ಪರ ಮಾತಾಡಿದ್ದು ನೀನೊಬ್ನೇ. ಬೇಕು ಅಂತ ಮಾಡಿಲ್ಲ ಅಂದೆ. ಅದನ್ನ ಮರ್ತಿಲ್ಲ ನಾನು' ಅಂದೆ.

ನಾನು ಚಹಾ ಮುಗಿಸಿ ಎದ್ದೆ. ಮುಂದಿನ ಭಾನುವಾರ ಮತ್ತೆ ಬಂದೆ, ನೀನು ಮತ್ತೆ ಚಾಪೆ ಹಾಸಿದೆ, ನಾನು ಹವಾಮಾನದ ಮಾತಾಡಿ ಬಂದೆ. ನನ್ನಿಂದ ಬಾಯಲ್ಲಿ ಆಗುವುದಿಲ್ಲ ಎಂದಾಗಲೇ ಟೀಚರು, 'ಹಾಗಾದ್ರೆ ಬರೀರಿ' ಅಂದದ್ದು.

ಎರಡು ತೂತುಗಳನ್ನು ಮುಚ್ಚಿದ್ದೇನೆ. ಇಟ್ಟಿಗೆ ಚೂರು ಬಡಿದು, ಗಾರೆ ತುಂಬಿ, ಮೊದಲು ಹೇಗೆ ಮಾಡಬೇಕಿತ್ತೋ ಹಾಗೆ. ಮೂರನೆಯದನ್ನು ಮುಚ್ಚಿಲ್ಲ. ಚೀಲ ಅದರೊಳಗೇ ಇದೆ. ಮೇಲೆ ಟಾರ್ಪಾಲು ಕಟ್ಟಿದ್ದೇನೆ, ಮಳೆ ಬಂದರೂ ಒಳಗೆ ಹೋಗುವುದಿಲ್ಲ. ನೀನು ಬಂದು ಹತ್ತಿ, ನಿನ್ನ ಕೈಯಿಂದಲೇ ಅದನ್ನು ಎಳೆದು ನೋಡಬೇಕು. ನಾನು ಹೇಳಿದರೆ ನಂಬಬೇಡ. ನನ್ನ ಮಾತು ನಂಬಿಯೇ ನೀನು ನಿನ್ನ ಕಣ್ಣನ್ನು ನಂಬುವುದು ಬಿಟ್ಟದ್ದು. ಬೀದಿಯ ಗುಂಪಿಗೆ ಟೀಚರು ತಾವೇ ಬರೆಯುತ್ತಾರಂತೆ. ಆದರೆ ಅವರು ಬರೆಯುವ ಮೊದಲು, ನೀನು ಸಾರುವೆ ಮೇಲೆ ನಿಂತಿರುವಾಗ, ನಾನು ಕೆಳಗೆ ನಿಂತು ಆ ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.

ಹೀಗೆ ಮಾಡಿದರೆ ನಿನ್ನ ಎಂಟು ವರ್ಷ ವಾಪಸು ಬರುವುದಿಲ್ಲ, ನನಗೆ ಗೊತ್ತು. ಕ್ಷಮಿಸು ಅಂತಲೂ ಒಂದು ಸಾಲು ಬರೆದಿದ್ದೆ. ಅದಕ್ಕೆ ಟೀಚರು ಗೆರೆ ಎಳೆಯಲಿಲ್ಲ, ನಾನೇ ಹೊಡೆದು ಹಾಕಿದೆ. ಕೇಳುವ ಮುಖ ನನಗಿಲ್ಲ.

ಈ ಭಾನುವಾರ ಹತ್ತೂವರೆಗೆ ಬರುತ್ತೇನೆ. ಚಾಪೆ ಹಾಸಬೇಡ, ಚಹಾ ಬೇಡ. ನಸೀಮಾನನ್ನೂ ಮಗಳನ್ನೂ ಕರೆದು ಕೂರಿಸಿಕೋ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ನಾನು ಎದುರಿಗೆ ಕೂರುತ್ತೇನೆ. ಅಂಗಡಿಯಲ್ಲಿ ಪೇಪರ್ ಓದುತ್ತಿದ್ದೆಯಲ್ಲ, ಹಾಗೇ ಗಟ್ಟಿಯಾಗಿ ಓದು, ಮೊದಲ ಸಾಲಿನಿಂದ. ಓದುತ್ತ ಓದುತ್ತ ನಿನ್ನ ದನಿ ಬದಲಾದರೆ ಅದನ್ನೂ ನಾನು ಕೇಳಿಸಿಕೊಳ್ಳಬೇಕು. ಮಧ್ಯದಲ್ಲಿ ಎದ್ದು ಹೋಗುವುದಿಲ್ಲ. ಓದಿ ಮುಗಿದ ಮೇಲೆ ನೀನು ಹೊರಗೆ ಹೋಗು ಅಂದರೆ ಹೋಗುತ್ತೇನೆ. ಸಾರುವೆ ಮಾತ್ರ ನೀನು ಬಂದು ಹತ್ತುವವರೆಗೆ ಬಿಚ್ಚುವುದಿಲ್ಲ.